ಎಲೆ ಬಾಡಿತೆಂದು ನೀರು ಸುರಿಯುವ ಮುನ್ನ: ಹೂ ಬಿಡುವ ಸಕ್ಯುಲೆಂಟ್ ಮತ್ತು ಬಳ್ಳಿಗಳ ದೋಷ ನಿವಾರಣೆ ಕೈಪಿಡಿ

ಕಳೆದ ಜುಲೈಯಲ್ಲಿ ತೀರ್ಥಹಳ್ಳಿಯಿಂದ ಅಕ್ಕ ಫೋನ್ ಮಾಡಿದಳು. ಎರಡು ವರ್ಷದ ಹಿಂದೆ ನಾನೇ ಬೆಂಗಳೂರಿನಿಂದ ಒಯ್ದು ಕೊಟ್ಟಿದ್ದ ಅಡೀನಿಯಂ ಬಾಡುತ್ತಿದೆ ಎಂಬುದು ಅವಳ ಸಂಕಟ.

“ಮಳೆ ಬೀಳದ ಹಾಗೆ ಜಗಲಿಯಲ್ಲಿ ಇಟ್ಟಿದ್ದೇನೆ. ದಿನಾ ನೀರು ಹಾಕುತ್ತಿದ್ದೇನೆ. ಆದರೂ ಎಲೆ ಜೋತು ಬಿದ್ದಿದೆ. ಇನ್ನೊಂದು ಚೆಂಬು ಹೆಚ್ಚಿಗೆ ಹಾಕಲೇ?”

“ಬೇಡ ಅಕ್ಕ, ಚೆಂಬು ಕೆಳಗಿಡು. ಬುಡದಲ್ಲಿ ಗೆಡ್ಡೆ ಇದೆಯಲ್ಲ, ಅದನ್ನು ನಾಲ್ಕೂ ಕಡೆ ಹೆಬ್ಬೆರಳಿನಿಂದ ಒತ್ತಿ ನೋಡು.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಗೋಡೆ ಕಡೆ ಮೆತ್ತಗಿದೆ. ಬೆರಳು ಒಳಗೇ ಹೋಯಿತು” ಎಂದಳು.

ನೀರಿಲ್ಲದೆ ಒಣಗಿದ ಗಿಡವೂ, ನೀರು ಹೆಚ್ಚಾಗಿ ಬೇರು ಕೊಳೆತ ಗಿಡವೂ ಮೇಲೆ ನೋಡಲು ಒಂದೇ ಥರ ಕಾಣುತ್ತವೆ. ಎರಡರಲ್ಲೂ ಎಲೆಗೆ ನೀರು ತಲುಪುತ್ತಿಲ್ಲ; ಒಂದರಲ್ಲಿ ಮಣ್ಣಿನಲ್ಲಿ ನೀರಿಲ್ಲ, ಇನ್ನೊಂದರಲ್ಲಿ ನೀರೆತ್ತುವ ಬೇರೇ ಇಲ್ಲ. ಮೊದಲನೆಯದಕ್ಕೆ ನೀರು ಜೀವ ಕೊಡುತ್ತದೆ, ಎರಡನೆಯದರ ಜೀವವನ್ನು ಅದೇ ನೀರು ತೆಗೆಯುತ್ತದೆ. ಹೀಗಾಗಿ ಎಲೆಯನ್ನು ನೋಡಿ ಮದ್ದು ನಿರ್ಧರಿಸಬೇಡಿ. ಮಣ್ಣನ್ನು, ಬುಡವನ್ನು, ಬೇರನ್ನು ನೋಡಿದ ಮೇಲೆಯೇ ಕೈ ಹಾಕಿ. ಈ ಕೈಪಿಡಿ ಪೂರ್ತಿ ನಿಂತಿರುವುದು ಆ ಒಂದು ಮಾತಿನ ಮೇಲೆ.

ನಮ್ಮ ತಾರಸಿಗಳಲ್ಲಿ ಎರಡು ಸ್ವಭಾವದ ಗಿಡಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಕಾಂಡದಲ್ಲೋ ಎಲೆಯಲ್ಲೋ ನೀರು ಕೂಡಿಟ್ಟುಕೊಳ್ಳುವ ಅಡೀನಿಯಂ, ಕಲಂಚೊ, ಯುಫೋರ್ಬಿಯಾ, ಬ್ರಹ್ಮಕಮಲದಂಥ ಸಕ್ಯುಲೆಂಟ್‌ಗಳು ಒಂದು ಕಡೆ. ಏಪ್ರಿಲ್ ತಿಂಗಳಲ್ಲಿ ದಿನವೂ ನೀರು ಕೇಳುವ ಮಲ್ಲಿಗೆ, ಶಂಖಪುಷ್ಪ, ರಂಗೂನ್ ಬಳ್ಳಿಗಳು ಇನ್ನೊಂದು ಕಡೆ. ಪೈಪು ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಸಮನಾಗಿ ನೀರು ಹಾಯಿಸುವ ಅಭ್ಯಾಸವೇ ನಾನು ಕಂಡ ಅರ್ಧಕ್ಕರ್ಧ ಕಾಯಿಲೆಗಳ ಮೂಲ. ಸಾಧ್ಯವಿದ್ದರೆ ಇವತ್ತೇ ಎರಡನ್ನೂ ಬೇರೆ ಬೇರೆ ಸಾಲಿಗೆ ಸರಿಸಿ. ಅದೊಂದನ್ನು ಮಾಡಿದರೂ ಮುಂದಿನ ತೊಂದರೆಗಳಲ್ಲಿ ಕೆಲವು ಹುಟ್ಟುವುದೇ ಇಲ್ಲ.

ಮೊದಲ ಐದು ನಿಮಿಷ

ಗಿಡಕ್ಕೆ ಏನೋ ಆಗಿದೆ ಎನ್ನಿಸಿದ ಕೂಡಲೇ ಕುಂಡವನ್ನು ಎತ್ತಿ ನೋಡಿ. ನೀರು ಹಾಕಿದ ದಿನದ ಭಾರ ಕೈಗೆ ನೆನಪಿದ್ದರೆ, ಈಗ ಅದು ಹಗುರವೋ ಭಾರವೋ ಎಂಬುದು ಮೊದಲ ಸಾಕ್ಷಿ. ಎತ್ತಲಾಗದ ದೊಡ್ಡ ಕುಂಡವಾದರೆ ತೆಳ್ಳನೆಯ ಬಿದಿರು ಕಡ್ಡಿಯೊಂದನ್ನು ಅಂಚಿನ ಹತ್ತಿರ ತಳದವರೆಗೆ ಇಳಿಸಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ಊದುಬತ್ತಿ ಉರಿದ ಮೇಲೆ ಉಳಿಯುವ ಕಡ್ಡಿಯೂ ಸಣ್ಣ ಕುಂಡಕ್ಕೆ ಸಾಕು. ಕಡ್ಡಿಗೆ ಮಣ್ಣು ಮೆತ್ತಿಕೊಂಡು ಬಣ್ಣ ಕಪ್ಪಾಗಿದ್ದರೆ ಒಳಗೆ ತೇವವಿದೆ. ಮೇಲಿನ ಒಂದಿಂಚು ಮಣ್ಣು ಬಿಳಿಚಿಕೊಂಡು ಒಣಗಿದ್ದರೂ ತಳ ಕೆಸರಾಗಿರುವುದು ಮಳೆಗಾಲದಲ್ಲಿ ಮಾಮೂಲು. ಬೆರಳು ತಾಗಿಸಿ ನೋಡುವವರು ಮೋಸಹೋಗುವುದು ಇಲ್ಲಿಯೇ.

ಮೂರನೆಯದು ಮೂಗಿನ ಕೆಲಸ. ಕುಂಡದ ತಳದ ತೂತಿಗೆ ಮೂಗು ಹಿಡಿಯಿರಿ. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ನೆಮ್ಮದಿ. ಚರಂಡಿಯಂತೆ ಹುಳಿ ನಾತ ಬಂದರೆ ಗಿಡವನ್ನು ಆ ಕ್ಷಣವೇ ಕುಂಡದಿಂದ ಹೊರತೆಗೆಯಬೇಕು. ಬೆಳ್ಳಗೆ ಅಥವಾ ತಿಳಿ ಕಂದಾಗಿ, ಎಳೆದರೆ ಬಿಗಿಯಾಗಿರುವ ಬೇರು ಆರೋಗ್ಯದ್ದು. ಕಪ್ಪಾಗಿ, ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ನಾರು ಮಾತ್ರ ದಾರದಂತೆ ಉಳಿಯುವ ಬೇರು ಸತ್ತಿದೆ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದುಗಳಲ್ಲಿ ನೀರೇ ತುಂಬಿ ನಿಂತರೆ ಬೇರು ಉಸಿರುಗಟ್ಟುತ್ತದೆ, ಹಾಗೆ ಸೋತ ಬೇರಿನ ಮೇಲೆ ಪಿಥಿಯಂ, ಫೈಟಾಫ್ಥೋರದಂಥ ಕೊಳೆರೋಗಕಾರಕಗಳು ಏರಿ ಕುಳಿತುಕೊಳ್ಳುತ್ತವೆ.

ಇನ್ನೊಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ: ಕಳೆದ ಒಂದು ತಿಂಗಳಲ್ಲಿ ಏನು ಬದಲಾಯಿತು? ಜಾಗವೇ, ನೀರೇ, ಗೊಬ್ಬರವೇ, ಋತುವೇ? ಗಿಡದ ಮೇಲೆ ಇವತ್ತು ಕಾಣುವ ದೋಷಕ್ಕೆ ಕಾರಣ ಬಹಳ ಸಲ ಮೂರು ನಾಲ್ಕು ವಾರದ ಹಿಂದಿನದು.

ಅಡೀನಿಯಂ ಗೆಡ್ಡೆ ಮೆತ್ತಗಾದರೆ

ಅಡೀನಿಯಂ ಆಫ್ರಿಕಾ ಮತ್ತು ಅರೇಬಿಯಾದ ಒಣನಾಡಿನ ಗಿಡ. ಬುಡದ ಗೆಡ್ಡೆಯೇ ಅದರ ನೀರಿನ ತೊಟ್ಟಿ. ಗೆಡ್ಡೆ ಮೆತ್ತಗಾಗುವುದಕ್ಕೆ ಎರಡು ಅರ್ಥಗಳಿವೆ. ಸುತ್ತಲೂ ಒಂದೇ ಸಮನಾಗಿ, ಗಾಳಿ ಸ್ವಲ್ಪ ಇಳಿದ ಚೆಂಡಿನಂತೆ ತಗ್ಗಿ, ಚರ್ಮ ಸುಕ್ಕುಗಟ್ಟಿ, ಮಣ್ಣು ಒಣಗಿದ್ದರೆ ಅದು ಬಾಯಾರಿಕೆ. ತಳದಿಂದ ನೀರು ಹರಿಯುವವರೆಗೆ ಒಮ್ಮೆ ಚೆನ್ನಾಗಿ ನೀರುಣಿಸಿ, ಮೂರು ನಾಲ್ಕು ದಿನಗಳಲ್ಲಿ ಗಟ್ಟಿಯಾಗುತ್ತದೆ. ಒಂದೇ ಮಗ್ಗುಲಲ್ಲಿ ಅಥವಾ ತಳದಲ್ಲಿ ಮಾತ್ರ ಮೆತ್ತಗಾಗಿ, ಅಲ್ಲಿನ ಚರ್ಮದ ಬಣ್ಣ ಕಂದು ತಿರುಗಿ, ಮಣ್ಣು ತೇವವಾಗಿಯೇ ಇದ್ದರೆ ಅದು ಕೊಳೆ. ಇದಕ್ಕೆ ಕಾಯುವ ಸಮಯವಿಲ್ಲ.

ಅಕ್ಕನ ಗಿಡದ್ದು ಎರಡನೆಯದು. ಜಗಲಿಯಲ್ಲಿ ಮಳೆ ಬೀಳದಿದ್ದರೂ ಮಲೆನಾಡಿನ ಜುಲೈ ಗಾಳಿಯಲ್ಲಿ ಕುಂಡ ಒಣಗುವುದೇ ಇಲ್ಲ. ನಮ್ಮ ತಾರಸಿಯಲ್ಲಿ ಏಪ್ರಿಲ್‌ನಲ್ಲಿ ಮೂರು ದಿನಕ್ಕೆ ಒಣಗುವ ಅಳತೆಯ ಕುಂಡ ಅಲ್ಲಿ ಹದಿನೈದು ದಿನವಾದರೂ ತೇವವಾಗಿತ್ತು. ಆ ವಾರದ ಕೊನೆಯಲ್ಲಿ ನಾನೇ ಹೋದೆ. ಅಲ್ಲಿಯವರೆಗೆ ಗಿಡವನ್ನು ಮಣ್ಣಿನಿಂದ ಕಿತ್ತು, ಒಲೆಮನೆಯ ಬೆಚ್ಚನೆಯ ಮೂಲೆಯಲ್ಲಿ ಕಾಗದದ ಮೇಲೆ ಮಲಗಿಸಿಡಲು ಹೇಳಿದ್ದೆ.

ಕತ್ತರಿಸುವ ಕೆಲಸ ಹೀಗೆ ನಡೆಯಬೇಕು. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಅಡೀನಿಯಂ ಹಾಲು ವಿಷ, ಆಫ್ರಿಕಾದಲ್ಲಿ ಬಾಣದ ತುದಿಗೆ ಹಚ್ಚುತ್ತಿದ್ದ ವಿಷವದು. ಕಣ್ಣಿಗೆ, ಬಾಯಿಗೆ ತಾಗಬಾರದು, ಮಕ್ಕಳು ಹತ್ತಿರ ಇರಬಾರದು. ಹರಿತವಾದ ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿ, ಮೆತ್ತಗಿನ ಭಾಗವನ್ನು ಬೆಲ್ಲದಚ್ಚು ಕೆತ್ತುವಂತೆ ಸ್ವಲ್ಪ ಸ್ವಲ್ಪವೇ ತೆಗೆಯುತ್ತ ಹೋಗಿ. ಮೊದಲು ಕಂದು ಗಂಜಿಯಂತೆ ಬರುತ್ತದೆ. ಆಮೇಲೆ ಹಳದಿ, ಆಮೇಲೆ ಕಂದು ಚುಕ್ಕೆಗಳಿರುವ ಬಿಳಿ. ಅಲ್ಲಿಗೆ ಸಾಕು ಎಂದು ಮನಸ್ಸು ಹೇಳುತ್ತದೆ, ಗೆಡ್ಡೆ ಅರ್ಧವಾಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ. ನಿಲ್ಲಿಸಬೇಡಿ. ಒಂದೇ ಒಂದು ಚುಕ್ಕೆ ಉಳಿದರೂ ಕೊಳೆ ಅಲ್ಲಿಂದಲೇ ಮತ್ತೆ ಹೊರಡುತ್ತದೆ. ಪ್ರತಿ ಕೊಯ್ತದ ನಂತರ ಚಾಕುವನ್ನು ಮತ್ತೆ ಒರೆಸಿ. ಸೌತೆಕಾಯಿ ಹೆಚ್ಚಿದಾಗ ಕಾಣುವಂತೆ ಪೂರ್ತಿ ಶುಭ್ರವಾದ, ಗಟ್ಟಿಯಾದ ತಿರುಳು ಬಂದಾಗ ನಿಲ್ಲಿಸಿ, ಅದರ ಮೇಲೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಪುಡಿ ಸವರಿ. ಎಲೆಗಳನ್ನೆಲ್ಲ ಕಿತ್ತುಬಿಡಿ, ಬೇರಿಲ್ಲದ ಗಿಡಕ್ಕೆ ಎಲೆ ಹೊರೆ.

ಇನ್ನು ಮುಂದಿನದು ತಾಳ್ಮೆ. ಗಾಳಿಯಾಡುವ ನೆರಳಿನಲ್ಲಿ ಒಂದು ವಾರದಿಂದ ಹತ್ತು ದಿನ ಒಣಗಲು ಬಿಡಿ. ಗಾಯ ಬಿರಡೆಯಂತೆ ಗಟ್ಟಿಯಾಗಬೇಕು. ಮಳೆಗಾಲದ ಮಲೆನಾಡಿನಲ್ಲಿ ಇದಕ್ಕೆ ಎರಡು ವಾರವಾದರೂ ಆಶ್ಚರ್ಯವಿಲ್ಲ. ಆಮೇಲೆ ಒಣ ಮಣ್ಣಿನಲ್ಲಿ ನೆಟ್ಟು, ಇನ್ನೊಂದು ವಾರ ನೀರು ಮುಟ್ಟಿಸಬೇಡಿ.

ನೀರು ಎಲ್ಲಿ ನಿಂತಿದೆ?

ತಳದಲ್ಲಿ ತೂತಿದೆ, ಜಲ್ಲಿಕಲ್ಲನ್ನೂ ಹಾಸಿದ್ದೇನೆ, ಆದರೂ ಹೇಗೆ ಕೊಳೆಯಿತು ಎಂದು ಬಹಳ ಮಂದಿ ಕೇಳುತ್ತಾರೆ. ಜಲ್ಲಿ ಹಾಸುವುದರಿಂದ ನೀರು ಬೇಗ ಇಳಿಯುತ್ತದೆ ಎಂಬುದು ತಲೆಮಾರುಗಳಿಂದ ಬಂದ ನಂಬಿಕೆ. ನಾನೂ ವರ್ಷಗಟ್ಟಲೆ ಹಾಸಿದವನೇ. ಆದರೆ ನುಣುಪು ಮಣ್ಣಿನಲ್ಲಿರುವ ನೀರು, ಮಣ್ಣು ಪೂರ್ತಿ ತೊಯ್ದು ತುಂಬುವವರೆಗೂ ಕೆಳಗಿನ ದಪ್ಪ ಕಲ್ಲಿಗೆ ಇಳಿಯುವುದಿಲ್ಲ. ಜಲ್ಲಿಯ ಮೇಲೆಯೇ ಒಂದು ಒದ್ದೆ ಪದರ ನಿಂತುಬಿಡುತ್ತದೆ.

ಇದನ್ನು ಅಡುಗೆಮನೆಯಲ್ಲಿ ಪರೀಕ್ಷಿಸಬಹುದು. ಪಾತ್ರೆ ಉಜ್ಜುವ ಸ್ಪಂಜನ್ನು ನೀರಿನಲ್ಲಿ ಪೂರ್ತಿ ನೆನೆಸಿ, ಅಡ್ಡಲಾಗಿ ಅಂಗೈ ಮೇಲೆ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನು ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜೂ ಅದೇ, ನೀರೂ ಅದೇ, ಎತ್ತರ ಮಾತ್ರ ಬದಲಾಯಿತು. ಕುಂಡದ ಮಣ್ಣು ಎತ್ತರವಿದ್ದಷ್ಟೂ ನೀರು ಚೆನ್ನಾಗಿ ಇಳಿಯುತ್ತದೆ. ಜಲ್ಲಿ ಹಾಸಿದಾಗ ನೀವು ಮಣ್ಣಿನ ಎತ್ತರವನ್ನು ಕಡಿಮೆ ಮಾಡಿ, ಒದ್ದೆ ಪದರವನ್ನು ಬೇರಿನ ಹತ್ತಿರಕ್ಕೆ ಏರಿಸಿದಂತಾಯಿತು. ತೂತಿನ ಮೇಲೆ ಒಂದು ಹೆಂಚಿನ ಚೂರು ಅಥವಾ ಸೊಳ್ಳೆಪರದೆಯ ತುಂಡು ಸಾಕು. ಬದಲಾಗಬೇಕಾದ್ದು ಮಣ್ಣೇ. ಕೆಂಪು ಮಣ್ಣು, ದಪ್ಪ ಮರಳು ಅಥವಾ ಬಟಾಣಿ ಗಾತ್ರದ ಇಟ್ಟಿಗೆ ಚೂರು, ಹಳೆಯ ಕೊಟ್ಟಿಗೆ ಗೊಬ್ಬರ ಸಮಪಾಲು ನನ್ನ ಸಕ್ಯುಲೆಂಟ್‌ಗಳಿಗೆ ಒಗ್ಗಿದೆ. ಮಳೆ ಹೆಚ್ಚಿರುವ ಊರುಗಳಲ್ಲಿ ಇಟ್ಟಿಗೆ ಚೂರನ್ನು ಎರಡು ಪಾಲು ಮಾಡಿ. ಬಳ್ಳಿಗಳಿಗೆ ಮರಳಿನ ಪಾಲು ಅರ್ಧವಾದರೂ ಸಾಕು.

ನರ್ಸರಿಯಿಂದ ತಂದ ಗಿಡದಲ್ಲಿ ಇನ್ನೊಂದು ಗುಟ್ಟಾದ ತೊಂದರೆ ಇರುತ್ತದೆ. ಬೇರಿನ ಸುತ್ತ ತೆಂಗಿನ ನಾರಿನ ಪುಡಿ ಗಟ್ಟಿಯಾಗಿ ಮುದ್ದೆಯಾಗಿರುತ್ತದೆ. ಅದನ್ನು ಹಾಗೆಯೇ ನಿಮ್ಮ ಮಣ್ಣಿನಲ್ಲಿಟ್ಟರೆ ಹೊರಗಿನ ಮಣ್ಣು ಒಣಗಿದಾಗಲೂ ನಡುವಿನ ಮುದ್ದೆ ಒದ್ದೆಯಾಗಿರುತ್ತದೆ. ಬೇಸಿಗೆಯಲ್ಲಿ ಇದು ತಿರುಗುಮುರುಗಾಗುತ್ತದೆ: ಪೂರ್ತಿ ಒಣಗಿದ ನಾರಿನ ಮುದ್ದೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಹಾಕಿದ ನೀರು ಅಂಚಿನಲ್ಲಿ ಜಾರಿ ಕ್ಷಣದಲ್ಲಿ ತಳದಿಂದ ಹೊರಬರುತ್ತದೆ. ನೀರು ಹರಿದದ್ದನ್ನು ಕಂಡು ನಾವು ನಿಶ್ಚಿಂತರಾಗುತ್ತೇವೆ, ಗಿಡ ಬಾಯಾರಿಯೇ ಇರುತ್ತದೆ. ಬಳ್ಳಿಗಳಲ್ಲಿ ಇದು ಹೆಚ್ಚು. ಇಂಥ ಕುಂಡವನ್ನು ಅರ್ಧ ಗಂಟೆ ನೀರಿನ ತೊಟ್ಟಿಯಲ್ಲಿ ಕೂರಿಸಿ, ಗುಳ್ಳೆ ನಿಂತ ಮೇಲೆ ಎತ್ತಿ ಬಸಿಯಲು ಬಿಡಿ. ಮರುನಾಟಿಯ ಹೊತ್ತಿಗೆ ಆ ಮುದ್ದೆಯನ್ನು ಬೆರಳಿನಿಂದ ಬಿಡಿಸಿ ತೆಗೆಯಿರಿ.

ಹಳದಿ ಎಲೆ: ಮೇಲಿನದೋ, ಕೆಳಗಿನದೋ?

ಎಲೆ ಹಳದಿಯಾಗಿದೆ ಎಂದಷ್ಟೇ ಹೇಳಿದರೆ ಯಾರೂ ಉತ್ತರ ಕೊಡಲಾರರು. ಬಳ್ಳಿಯ ಬುಡದ ಹಳೆ ಎಲೆಗಳು ಒಂದೇ ಸಮ ಹಳದಿಯಾಗಿ ಉದುರುತ್ತಿದ್ದರೆ ಸಾರಜನಕ ಸಾಲುತ್ತಿಲ್ಲ, ಅಥವಾ ಬೇರು ಕುಂಡ ತುಂಬಿ ಸುತ್ತು ಹಾಕಿದೆ. ತೂತಿನಿಂದ ಬೇರು ಇಣುಕುತ್ತಿದೆಯೇ ನೋಡಿ. ತುದಿಯ ಎಳೆ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರು ಗೆರೆಗಳಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಕೊಳವೆಬಾವಿಯ ಗಡಸು ನೀರು ಹಾಕುವ ಮನೆಗಳಲ್ಲಿ ಮಲ್ಲಿಗೆಗೆ ಇದು ಬರುತ್ತಲೇ ಇರುತ್ತದೆ. ಕುಂಡದ ಹೊರಮೈ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿದ್ದರೆ ಅನುಮಾನವೇ ಬೇಡ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರ ಹೆಚ್ಚಾಗಿ ಬೇರಿಗೆ ಅದು ದಕ್ಕುವುದಿಲ್ಲ. ಮಳೆಗಾಲದಲ್ಲಿ ಕುಂಡವನ್ನು ನಾಲ್ಕು ದಿನ ಬಯಲಲ್ಲಿಟ್ಟು ಮಳೆನೀರಿನಿಂದ ತೊಳೆಯಲು ಬಿಡುವುದು ನನಗೆ ಗೊತ್ತಿರುವ ಅತಿ ಒಳ್ಳೆಯ ಉಪಾಯ. ಬೇಸಿಗೆಯಾದರೆ ಬೇರಿಗೆ ಸುಲಭವಾಗಿ ದಕ್ಕುವ ಕಿಲೇಟ್ ರೂಪದ ಕಬ್ಬಿಣ ಗೊಬ್ಬರದಂಗಡಿಯಲ್ಲಿ ಸಿಗುತ್ತದೆ, ಪೊಟ್ಟಣದ ಮೇಲಿನ ಅಳತೆ ಮೀರಬೇಡಿ.

ಎಲೆಯ ತುದಿ ಮತ್ತು ಅಂಚು ಮಾತ್ರ ಸುಟ್ಟಂತೆ ಕಂದಾಗುವುದು ಉಪ್ಪಿನ ಗುರುತು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದಾಗ ನಮ್ಮ ಬೀದಿಯಲ್ಲಿ ಅನೇಕರು ನೀರು ಶುದ್ಧೀಕರಿಸುವ ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರನ್ನು ಗಿಡಗಳಿಗೆ ಹಾಕತೊಡಗಿದರು. ನೀರು ವ್ಯರ್ಥವಾಗಬಾರದೆಂಬ ಕಾಳಜಿ ದೊಡ್ಡದು. ಆದರೆ ಆ ಯಂತ್ರ ಬೇರ್ಪಡಿಸಿದ ಲವಣವೆಲ್ಲ ಸೇರಿರುವುದು ಆ ನೀರಿನಲ್ಲೇ. ಎರಡು ತಿಂಗಳಲ್ಲಿ ಶಂಖಪುಷ್ಪದ ಎಲೆಯಂಚುಗಳು ಕರಕಲಾದವು. ಆ ನೀರು ನೆಲ ಒರೆಸಲು ಇರಲಿ. ಗಿಡಕ್ಕೆ ಅಕ್ಕಿ, ತರಕಾರಿ ತೊಳೆದ ನೀರು ಮೇಲು, ಅದೂ ಬಳ್ಳಿಗಳಿಗೆ ಮಾತ್ರ. ಸಕ್ಯುಲೆಂಟ್ ಕುಂಡಕ್ಕೆ ಅಕ್ಕಿ ನೀರು ದಿನವೂ ಬಿದ್ದರೆ ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳು ಹುಟ್ಟಿಕೊಳ್ಳುತ್ತವೆ.

ಹಸಿರು ತುಂಬಿದೆ, ಹೂವಿಲ್ಲ

ಮೊದಲು ಬಿಸಿಲು ಎಣಿಸಿ. ರಜಾದಿನವೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಆ ಜಾಗಕ್ಕೆ ನೇರ ಬಿಸಿಲು ಬೀಳುತ್ತಿದೆಯೇ ಎಂದು ನೋಡಿ ಬರೆದಿಡಿ. ಅಡೀನಿಯಂ, ಕಾಗದದ ಹೂ, ಮಲ್ಲಿಗೆಗಳಿಗೆ ಆರು ಗಂಟೆ ಬೇಕು. ಪಕ್ಕದಲ್ಲಿ ಹೊಸ ಮಹಡಿ ಎದ್ದ ಮೇಲೆ ಹೂ ನಿಂತಿತೆಂದರೆ ಗೊಬ್ಬರದಿಂದ ಅದನ್ನು ಸರಿಪಡಿಸಲಾಗದು, ಜಾಗ ಬದಲಿಸಬೇಕು. ಬದಲಿಸುವಾಗ ಒಂದೇ ದಿನ ನೆರಳಿನಿಂದ ಸುಡುಬಿಸಿಲಿಗೆ ತಂದರೆ ಎಲೆಯ ಮೇಲ್ಮೈ ಬೆಂದು ಒಣ ಕಲೆಗಳಾಗುತ್ತವೆ. ಹತ್ತು ಹದಿನೈದು ದಿನ ಎಳೆಬಿಸಿಲಿನಿಂದ ಶುರುಮಾಡಿ ಒಗ್ಗಿಸಿ.

ಬಿಸಿಲು ಸಾಕಷ್ಟಿದ್ದೂ ಹೂವಿಲ್ಲದಿದ್ದರೆ ಗೊಬ್ಬರವನ್ನು ಅನುಮಾನಿಸಿ. ಸಾರಜನಕ ಹೆಚ್ಚಾದ ಬಳ್ಳಿ ಎಲೆ ಬಿಡುವುದರಲ್ಲೇ ಮುಳುಗಿರುತ್ತದೆ. ಶಂಖಪುಷ್ಪವಂತೂ ಅವರೆ, ತೊಗರಿಯ ಬಳಗದ್ದು, ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ತಾನೇ ಹಿಡಿದುಕೊಳ್ಳುತ್ತದೆ. ಅದಕ್ಕೆ ಗೊಬ್ಬರ ನಿಲ್ಲಿಸಿ, ಕಾಯಿಗಳನ್ನು ಬಲಿಯಲು ಬಿಡದೆ ಕೀಳಿ, ಹೂ ಮತ್ತೆ ಬರುತ್ತದೆ. ಕಾಗದದ ಹೂವಿಗೆ ಉಪವಾಸ ಬೇಕು. ದಿನವೂ ನೀರು ಕುಡಿದ ಬಳ್ಳಿ ಮುಳ್ಳು ಮತ್ತು ಎಲೆಗಳನ್ನೇ ಕೊಡುತ್ತದೆ. ಎಲೆ ತುಸು ಜೋಲುವವರೆಗೆ ನೀರು ತಡೆದು, ಆಮೇಲೆ ಕೊಟ್ಟು, ಮತ್ತೆ ತಡೆದು ಎರಡು ಮೂರು ವಾರ ನಡೆಸಿ ನೋಡಿ.

ಮಲ್ಲಿಗೆಯಲ್ಲಿ ತಪ್ಪುವುದು ಹೆಚ್ಚಾಗಿ ಕತ್ತರಿಯ ತಿಂಗಳು. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ನವೆಂಬರ್, ಡಿಸೆಂಬರ್‌ನಲ್ಲಿ ನೀರು ಕಡಿಮೆ ಮಾಡಿ, ಬಳ್ಳಿಯನ್ನು ಸವರಿ, ಹಳೆ ಎಲೆ ಕಿತ್ತರೆ ಬೇಸಿಗೆ ಹೊತ್ತಿಗೆ ಮೊಗ್ಗು ತುಂಬುತ್ತದೆ. ಮಾರ್ಚ್‌ನಲ್ಲಿ ಬಳ್ಳಿ ಅಡ್ಡಾದಿಡ್ಡಿಯಾಯಿತೆಂದು ಸವರಿದವರು ಮೊಗ್ಗನ್ನೇ ಸವರಿರುತ್ತಾರೆ. ಅಡೀನಿಯಂ ಕೂಡ ಹೊಸ ರೆಂಬೆಯ ತುದಿಯಲ್ಲೇ ಹೂ ಬಿಡುವುದು, ಫೆಬ್ರವರಿಯಲ್ಲಿ ತುದಿ ಕತ್ತರಿಸಿದರೆ ಒಂದಿದ್ದ ತುದಿ ಮೂರಾಗುತ್ತದೆ. ಇನ್ನು ಮೈಸೂರಿನ ಹೆಸರನ್ನೇ ಹೊತ್ತ ಥನ್‌ಬರ್ಜಿಯಾ ಮೈಸೊರೆನ್ಸಿಸ್ ಇದೆಯಲ್ಲ, ಹಳದಿ ಮತ್ತು ಕಂದುಗೆಂಪು ಹೂಗಳ ಸರ ಕೆಳಕ್ಕೆ ಇಳಿಬಿಡುವ ನಮ್ಮ ಘಟ್ಟದ ಬಳ್ಳಿ, ಅದನ್ನು ಗೋಡೆಗೆ ಒರಗಿಸಿ ಬೆಳೆಸಿದರೆ ಅದರ ಚೆಲುವು ಕಾಣುವುದೇ ಇಲ್ಲ. ಅದಕ್ಕೆ ತಲೆಯ ಮೇಲೆ ಚಪ್ಪರ ಬೇಕು, ಸರಗಳು ತೂಗಲು ಜಾಗ ಬೇಕು. ಸೂರಕ್ಕಿಗಳು ಆ ಸರಕ್ಕೆ ಜೋತುಬಿದ್ದು ಮಕರಂದ ಹೀರುವುದನ್ನು ಒಮ್ಮೆ ನೋಡಿದವರು ಚಪ್ಪರದ ಖರ್ಚಿಗೆ ಹಿಂಜರಿಯಲಾರರು.

ಕಲಂಚೊ ನನ್ನನ್ನು ಎರಡು ವರ್ಷ ಸುತ್ತಾಡಿಸಿತು. ಹೂವಿದ್ದ ಗಿಡ ತಂದೆ, ಹೂ ಮುಗಿಯಿತು, ಆಮೇಲೆ ಎರಡು ಚಳಿಗಾಲ ಕಳೆದರೂ ಮೊಗ್ಗಿಲ್ಲ. ಎಲೆ ದಪ್ಪಗೆ ಹೊಳೆಯುತ್ತಿತ್ತು, ಬೇರು ಚೆನ್ನಾಗಿತ್ತು, ಬಿಸಿಲಿತ್ತು. ಅದೇ ಗಿಡದ ತುಂಡೊಂದನ್ನು ಹಿಂಬದಿಯ ಬಾಲ್ಕನಿಯಲ್ಲಿ ನೆಟ್ಟಿದ್ದೆ, ಅದು ಜನವರಿಯಲ್ಲಿ ಗೊಂಚಲು ಗೊಂಚಲಾಗಿ ಅರಳಿತು. ಎರಡಕ್ಕೂ ಮಣ್ಣು, ನೀರು ಒಂದೇ. ರಾತ್ರಿ ಊಟವಾದ ಮೇಲೆ ಮುಂಬದಿಯ ಬಾಲ್ಕನಿಯಲ್ಲಿ ನಿಂತಿದ್ದಾಗ ಆ ಕುಂಡದ ನೆರಳು ನೆಲದ ಮೇಲೆ ಸ್ಪಷ್ಟವಾಗಿ ಬಿದ್ದಿರುವುದು ಕಂಡಿತು. ಎದುರಿಗೆ ಹೊಸದಾಗಿ ಹಾಕಿದ ಬೀದಿದೀಪ! ಮಡಗಾಸ್ಕರ್ ಮೂಲದ ಕಲಂಚೊ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಬೆಂಗಳೂರಿನಲ್ಲಿ ಡಿಸೆಂಬರ್ ಹಗಲು ಸುಮಾರು 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ, ಆ ಉದ್ದನೆಯ ಕತ್ತಲೇ ಅದಕ್ಕೆ ಸೂಚನೆ. ದೀಪದ ಬೆಳಕಿನಲ್ಲಿ ಆ ಗಿಡಕ್ಕೆ ರಾತ್ರಿಯೇ ಆಗಿರಲಿಲ್ಲ. ಸಂಜೆ ಐದೂವರೆಗೆ ರಟ್ಟಿನ ಪೆಟ್ಟಿಗೆ ಮುಚ್ಚಿ, ಬೆಳಿಗ್ಗೆ ಏಳೂವರೆಗೆ ತೆಗೆದು, ಹೀಗೆ 14 ಗಂಟೆಯ ಕತ್ತಲನ್ನು ಆರು ವಾರ ತಪ್ಪದೆ ಕೊಟ್ಟೆ. ಎಲೆಗಳ ನಡುವೆ ರಾಗಿ ಕಾಳಿನಷ್ಟು ಮೊಗ್ಗುಗಳು ಕಂಡ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಮೊಗ್ಗು ಬಂದು ಉದುರಿದರೆ

ಇದರಲ್ಲಿ ಹೆಚ್ಚು ನೋವು ಕೊಡುವುದು ಬ್ರಹ್ಮಕಮಲ. ನಮ್ಮ ಮನೆಗಳ ಬ್ರಹ್ಮಕಮಲ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರಗಳ ಮೇಲೆ ಬೆಳೆಯುವ ಪಾಪಾಸುಕಳ್ಳಿಯ ಜಾತಿ. ಉತ್ತರಾಖಂಡದ ರಾಜ್ಯಪುಷ್ಪವಾದ ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ. ಮರದ ನೆರಳಿನ ಗಿಡವಾದ್ದರಿಂದ ನಡುಹಗಲಿನ ಬಿಸಿಲಿಗೆ ಇದರ ಚಪ್ಪಟೆ ಕಾಂಡ ಹಳದಿಯೋ ಕೆಂಪೋ ಆಗುತ್ತದೆ. ಹಾಗೆಂದು ಮೆಟ್ಟಿಲ ಕೆಳಗಿನ ಕತ್ತಲಲ್ಲಿಟ್ಟರೆ ಮೊಗ್ಗೇ ಬರುವುದಿಲ್ಲ. ಬೆಳಗಿನ ಬಿಸಿಲು, ಮಧ್ಯಾಹ್ನ ಸೋಸಿದ ಬೆಳಕು ಸರಿ. ಮೊಗ್ಗು ಬೆರಳುದ್ದ ಆದ ಮೇಲೆ ಕುಂಡವನ್ನು ಕದಲಿಸಬೇಡಿ. ನೆಂಟರಿಗೆ ತೋರಿಸಲೆಂದು ಹಜಾರಕ್ಕೆ ತಂದ ಗಿಡದ ಮೊಗ್ಗುಗಳು ಎರಡೇ ದಿನದಲ್ಲಿ ಹಳದಿಯಾಗಿ ಉದುರಿದ್ದನ್ನು ನೋಡಿದ್ದೇನೆ. ಮಣ್ಣು ಪೂರ್ತಿ ಒಣಗಿದರೂ, ಜಡಿಮಳೆಗೆ ಸಿಕ್ಕಿದರೂ ಅದೇ ಗತಿ. ಜೋತಾಡುವ ಮೊಗ್ಗಿನ ಕತ್ತು ಮೇಲಕ್ಕೆ ಬಾಗಿತೆಂದರೆ ಅರಳುವ ರಾತ್ರಿ ಹತ್ತಿರ ಬಂತು.

ಮಲ್ಲಿಗೆ ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ಸಣ್ಣ ತೂತು ಕಂಡು, ಅಕ್ಕಪಕ್ಕದ ಮೊಗ್ಗುಗಳು ಜೇಡರ ನೂಲಿನಂಥ ಎಳೆಯಿಂದ ಅಂಟಿಕೊಂಡಿದ್ದರೆ ಒಳಗೆ ಮೊಗ್ಗು ಕೊರೆಯುವ ಹುಳು ಇದೆ. ಅಂಥ ಮೊಗ್ಗುಗಳನ್ನೆಲ್ಲ ಕಿತ್ತು ಸುಡಿ.

ಇರುವೆ ಸಾಲು, ಕರಿಮೆಣಸಿನಂಥ ಹಿಕ್ಕೆ

ಬಳ್ಳಿಯ ಮೇಲೆ ಇರುವೆಗಳು ಹತ್ತಿಳಿಯುತ್ತಿದ್ದರೆ ಅವುಗಳ ಹಿಂದೆಯೇ ಕಣ್ಣು ಹಾಯಿಸಿ. ಗೆಣ್ಣಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಗುಡ್ಡೆಗೆ ಅವು ನಿಮ್ಮನ್ನು ಕರೆದೊಯ್ಯುತ್ತವೆ. ಅದು ಹಿಟ್ಟು ತಿಗಣೆ. ಅದು ಸ್ರವಿಸುವ ಸಿಹಿಗಾಗಿ ಇರುವೆ ಅದನ್ನು ಕಾಯುತ್ತದೆ. ಕಡಿಮೆ ಇದ್ದರೆ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ. ಹೆಚ್ಚಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರವ ಬೆರೆಸಿ, ಒಂದು ಎಲೆಗೆ ಮೊದಲು ಹಾಕಿ ನೋಡಿ, ಸಂಜೆ ಹೊತ್ತು ಸಿಂಪಡಿಸಿ. ಎಲೆಯ ಮೇಲೆ ಬೂದಿ ಹಚ್ಚಿದಂಥ ಪದರವಿರುವ ಸಕ್ಯುಲೆಂಟ್‌ಗಳಿಗೆ ಎಣ್ಣೆ ಬೇಡ, ಆ ಪದರ ಅಳಿಸಿಹೋದರೆ ಅದೇ ಎಲೆಯ ಮೇಲೆ ಮತ್ತೆ ಬರುವುದಿಲ್ಲ.

ಮಾರ್ಚ್, ಏಪ್ರಿಲ್‌ನಲ್ಲಿ ಎಲೆ ಮಂಕಾಗಿ ಸೂಜಿ ಚುಚ್ಚಿದಂತೆ ಚುಕ್ಕೆ ತುಂಬಿದರೆ ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಬಿದ್ದ ಚುಕ್ಕೆಗಳು ನಡೆದಾಡಿದರೆ ಅವು ಕೆಂಪು ಜೇಡನುಸಿ. ಎಲೆಯ ಅಡಿಭಾಗಕ್ಕೆ ಮೂರು ನಾಲ್ಕು ದಿನ ನೀರನ್ನು ರಭಸವಾಗಿ ಹೊಡೆದರೇ ಬಹಳಷ್ಟು ತೊಳೆದುಹೋಗುತ್ತವೆ.

ಅಡೀನಿಯಂ ಎಲೆಗಳು ಒಂದೇ ರಾತ್ರಿಯಲ್ಲಿ ಮಾಯವಾಗಿ, ಕುಂಡದ ಸುತ್ತ ಕರಿಮೆಣಸಿನ ಗಾತ್ರದ ಹಿಕ್ಕೆ ಬಿದ್ದಿದ್ದರೆ ಎಲೆಗಳ ನಡುವೆ ಬೆರಳು ಗಾತ್ರದ ಹಸಿರು ಹುಳುವನ್ನು ಹುಡುಕಿ. ತಲೆಯ ಹತ್ತಿರ ಎರಡು ನೀಲಿ ಕಣ್ಣುಗಳಂಥ ಚುಕ್ಕೆ, ಬಾಲದಲ್ಲಿ ಕೊಂಬು. ಕಣಗಿಲೆಯನ್ನು ತಿಂದು ಬೆಳೆಯುವ ಈ ಹುಳು ಮುಂದೆ ಹಸಿರು ಅಮೃತಶಿಲೆಯಂಥ ರೆಕ್ಕೆಯ ಪತಂಗವಾಗುತ್ತದೆ. ನಾನು ಇದಕ್ಕೆ ಔಷಧ ಹೊಡೆಯುವುದಿಲ್ಲ, ರೆಂಬೆ ಸಮೇತ ಎತ್ತಿ ಬೀದಿ ಬದಿಯ ನಂದಿಬಟ್ಟಲಿಗೆ ಬಿಟ್ಟು ಬರುತ್ತೇನೆ. ಅದರ ಎಲೆಯೂ ಅದಕ್ಕೆ ಆಹಾರ. ಅಡೀನಿಯಂ ಎರಡು ಮೂರು ವಾರದಲ್ಲಿ ಮತ್ತೆ ಚಿಗುರುತ್ತದೆ.

ದೋಷವೇ ಅಲ್ಲದವು

ಮೋಡದ ದಿನ ಟೇಬಲ್ ರೋಸ್ ಅರಳದಿರುವುದು, ಚಳಿಗಾಲದಲ್ಲಿ ಅಡೀನಿಯಂ ಎಲೆ ಉದುರಿಸುವುದು, ರಂಗೂನ್ ಬಳ್ಳಿಯ ಬಿಳಿ ಹೂ ಮರುದಿನ ಗುಲಾಬಿಯಾಗಿ ಆಮೇಲೆ ಕೆಂಪಾಗುವುದು ಅವುಗಳ ಸಹಜ ರೀತಿ. ಹೋಯಾ ಬಳ್ಳಿಯಲ್ಲಿ ಹೂ ಉದುರಿದ ಮೇಲೆ ಉಳಿಯುವ ಬೋಳು ತೊಟ್ಟನ್ನು ಒಣಕಡ್ಡಿಯೆಂದು ಕತ್ತರಿಸಬೇಡಿ, ಮುಂದಿನ ಗೊಂಚಲು ಬರುವುದು ಅದೇ ತೊಟ್ಟಿನಲ್ಲಿ. ಹೃದಯದಾಕಾರದ ಒಂದೇ ಹೋಯಾ ಎಲೆಯನ್ನು ಪುಟ್ಟ ಕುಂಡದಲ್ಲಿಟ್ಟು ಮಾರುತ್ತಾರೆ. ಗೆಣ್ಣಿನ ತುಣುಕಿಲ್ಲದ ಆ ಎಲೆ ಬೇರು ಬಿಟ್ಟು ವರ್ಷಗಟ್ಟಲೆ ಹಸಿರಾಗಿರುತ್ತದೆ, ಬಳ್ಳಿ ಮಾತ್ರ ಆಗುವುದಿಲ್ಲ. ಬೇಕಿದ್ದರೆ ಎರಡು ಗೆಣ್ಣಿರುವ ತುಂಡನ್ನು ಕೇಳಿ ತನ್ನಿ.

ಕೈಬಿಡುವುದು ಯಾವಾಗ?

ಕೊಳೆ ಗೆಡ್ಡೆಯ ನಡುವಿನಿಂದ ಏರಿ ರೆಂಬೆಗಳು ಕವಲೊಡೆಯುವ ಜಾಗ ಮುಟ್ಟಿದ್ದರೆ ಗೆಡ್ಡೆ ಉಳಿಯುವುದಿಲ್ಲ. ಆಗ ಗಟ್ಟಿಯಾಗಿರುವ ರೆಂಬೆಯ ತುದಿಗಳನ್ನು ಗೇಣುದ್ದ ಕತ್ತರಿಸಿ, ನಾಲ್ಕೈದು ದಿನ ಒಣಗಿಸಿ, ಮರಳಿನಲ್ಲಿ ನೆಡಿ. ಅದೇ ಹೂ, ಅದೇ ಬಣ್ಣ ಉಳಿಯುತ್ತದೆ, ದಪ್ಪ ಗೆಡ್ಡೆ ಮಾತ್ರ ಬೀಜದ ಗಿಡದಷ್ಟು ಚೆನ್ನಾಗಿ ಕಟ್ಟುವುದಿಲ್ಲ. ಕೊಳೆತ ಕುಂಡದ ಮಣ್ಣನ್ನು ಬೇರೆ ಗಿಡಕ್ಕೆ ಹಾಕಬೇಡಿ, ಕುಂಡವನ್ನು ಉಜ್ಜಿ ತೊಳೆದು ಬಿಸಿಲಿಗೆ ಬೋರಲು ಹಾಕಿ.

ಅಕ್ಕನ ಗೆಡ್ಡೆಯಲ್ಲಿ ಮೂರರಲ್ಲಿ ಒಂದು ಪಾಲು ಹೋಯಿತು. ಹದಿನಾಲ್ಕು ದಿನ ಒಲೆಮನೆಯಲ್ಲಿ ಒಣಗಿ, ಇಟ್ಟಿಗೆ ಚೂರಿನ ಮಣ್ಣಿಗೆ ಇಳಿದು, ಸೆಪ್ಟೆಂಬರ್ ಎರಡನೇ ವಾರದಲ್ಲಿ ತುದಿಯಲ್ಲಿ ಅಕ್ಕಿ ಕಾಳಿನಂಥ ಎರಡು ಹಸಿರು ಮೊನೆಗಳು ಕಾಣಿಸಿದವು. ಅವಳು ಫೋಟೊ ಕಳಿಸಿ, ಆ ಕೂಡಲೇ ಫೋನ್ ಮಾಡಿದಳು.

“ಚಿಗುರು ಬಂತು. ಈಗಾದರೂ ನೀರು ಹಾಕಲೇ?”

“ಕಡ್ಡಿ ಇಳಿಸಿ ನೋಡಿದೆಯಾ ಅಕ್ಕ?”

“ನೋಡಿದೆ. ತಳದಲ್ಲಿ ಇನ್ನೂ ಸ್ವಲ್ಪ ಕಪ್ಪಿದೆ.”

“ಹಾಗಾದರೆ ಇನ್ನು ನಾಲ್ಕು ದಿನ ಬಿಟ್ಟು ಮತ್ತೆ ನೋಡು.”